ಚಿಲಕ ಇಲ್ಲದ ರೂಮು

ಏಪ್ರಿಲ್ 4

ಪ್ರೀತಿಯ ಹರಳು,

ಇವತ್ತು ಮತ್ತೆ ಹೋಗಿದ್ದೆ ಕಣೇ, ಯೂನಿವರ್ಸಿಟಿ ಆಫೀಸಿಗೆ. ಮೈಯೆಲ್ಲಾ ಉರೀತಿದೆ. ಮನೆಗೆ ಬಂದು ಚಪ್ಪಲಿ ಬಿಡೋಕೂ ಮುಂಚೆ ಪೆನ್ನು ಹಿಡ್ಕೊಂಡಿದ್ದೀನಿ. ಫೋನಲ್ಲಿ ಹೇಳಿದರೆ ನಾನು ಕೂಗ್ತೀನಿ, ನೀನು ಅಳ್ತೀಯ, ಆಮೇಲೆ ಇಬ್ಬರೂ ತಿಂಗಳುಗಟ್ಟಲೆ ಮುಖ ಊದಿಸ್ಕೊಂಡು ಇರ್ತೀವಿ. ಅದಕ್ಕೇ ತಾನೆ ಅಮ್ಮ ಕಾನೂನು ಮಾಡಿದ್ದು, ಕೋಪ ಬಂದಾಗ ಬಾಯಿ ತೆಗೀಬೇಡಿ, ಬರೀರಿ ಅಂತ. ಅಮ್ಮ ಹೋಗಿ ಇಷ್ಟು ವರ್ಷ ಆದರೂ ಆ ಕಾನೂನು ಒಂದನ್ನು ಮಾತ್ರ ನಾವಿಬ್ಬರೂ ಮುರಿದಿಲ್ಲ.

ಆಫೀಸಿನಲ್ಲಿ ಮೂರು ಕಿಟಕಿ. ಮೊದಲನೇದರಲ್ಲಿ ಒಂದು ಹೂಕುಂಡ ಕೂತಿದೆ. ಎರಡನೇದರಲ್ಲಿ ಅದೂ ಇಲ್ಲ. ಮೂರನೇದರಲ್ಲಿ ಒಬ್ಬ ಮನುಷ್ಯ. ಅವನಿಗೆ ನಾನು ಮೂರನೇ ಕಿಟಕಿ ಅಂತಲೇ ಹೆಸರಿಟ್ಟಿದ್ದೀನಿ. ಬೇರೆ ಯೂನಿವರ್ಸಿಟಿ ಬಿಟ್ಟು ಇಲ್ಲಿಗೆ ಬರೋರ ಟ್ರಾನ್ಸ್‌ಫರ್ ಅರ್ಜಿಗಳ ನಿರ್ಧಾರ ಯಾವಾಗ ಬರುತ್ತೆ ಅಂದೆ. 'ಆದಾಗ ತಿಳಿಸ್ತೀವಿ' ಅಂದ. ಯಾವಾಗ ಆಗುತ್ತೆ ಅಂದೆ. 'ತಿಳಿಸಿದಾಗ ಗೊತ್ತಾಗುತ್ತೆ ಮೇಡಂ' ಅಂದ! ಅದನ್ನು ಹೇಳೋವಾಗ ಬಾಯೊಳಗೆ ಟಕ್ ಟಕ್ ಅಂತ ಸದ್ದು ಬೇರೆ. ಕಟ್ಟಿಸಿದ ಹಲ್ಲು, ಕೆಳಗಿನ ಸೆಟ್ಟು ಸಡಿಲ. ಯಾವ ದಡ್ಡ ಅಳತೆ ತಗೊಂಡನೋ! ಹಲ್ಲು ಮಾಡೋ ನಮ್ಮ ಲ್ಯಾಬಿನಿಂದ ಅಂಥ ಸೆಟ್ಟು ಹೊರಗೆ ಹೋಗಿದ್ದರೆ ಲ್ಯಾಬಿನ ಯಜಮಾನರು ನನ್ನ ಚರ್ಮ ಸುಲೀತಿದ್ದರು.

ಅರ್ಜಿ ಸಂಖ್ಯೆ ಇಲ್ಲದೆ ಏನೂ ಹೇಳೋಕಾಗಲ್ಲವಂತೆ. ಎರಡು ಪತ್ರದಲ್ಲಿ ಕೇಳಿದ್ದೀನಿ, ನೀನು ಕಳಿಸಿಲ್ಲ. ಮರೀಬೇಡ. ನನ್ನ ಕಪಾಟಿನ ತುಂಬಾ ಅಚ್ಚು ತೆಗೆದ ಪ್ಲಾಸ್ಟರಿನ ಬಾಯಿಗಳೇ ಇದಾವೆ, ಯಾವುದೂ ಎದುರು ಮಾತಾಡಲ್ಲ, ನೀನು ನೋಡಿದರೆ ಕೇಳಿದ್ದಕ್ಕೂ ಉತ್ತರ ಕೊಡಲ್ಲ.

ರೂಮು ತಯಾರು. ಹಲ್ಲು ಪಾಲಿಶ್ ಮಾಡೋ ಮೆಶೀನನ್ನು ಬಾಲ್ಕನಿಗೆ ಸಾಗಿಸಿದೆ, ಎತ್ತೋವಾಗ ಸೊಂಟ ಹಿಡ್ಕೊಂಡು ಮೂರು ದಿನ ಬಾಗೋಕಾಗಲಿಲ್ಲ. ಕಿಟಕಿ ಪಕ್ಕ ಮಂಚ, ಅದರ ಎದುರು ನಿನ್ನ ಕಲ್ಲುಗಳಿಗೆ ಅಂತ ಉದ್ದಕ್ಕೆ ಹಲಗೆ ಹೊಡೆಸಿದ್ದೀನಿ. ಚಿಕ್ಕವಳಿದ್ದಾಗ ಜೇಬಿನ ತುಂಬಾ ಹರಳು ತುಂಬ್ಕೊಂಡು ಬಂದು ಬಟ್ಟೆ ಒಗೆಯೋಳ ಕೈಲಿ ಬೈಸ್ಕೋತಿದ್ದೆಯಲ್ಲ, ಇನ್ನು ಎಷ್ಟು ಬೇಕಾದರೂ ಜೋಡಿಸ್ಕೋ. ಒಂದೇ ಕೊರತೆ, ಆ ಬಾಗಿಲಿಗೆ ಚಿಲಕ ಇಲ್ಲ. ಮರ ಊದಿಕೊಂಡಿದೆ, ಕೂರೋದಿಲ್ಲ. ಇರಲಿ ಬಿಡು, ಇರೋರು ಇಬ್ಬರು, ನಮಗ್ಯಾಕೆ ಚಿಲಕ.

ನಿನ್ನ ದಾರಿ ಕಾಯ್ತಿರೋ
ಅಕ್ಕ


ಏಪ್ರಿಲ್ 11

ಅಕ್ಕಾ,

ನಿನ್ನ ಪತ್ರ ಬಂತು. ದಯವಿಟ್ಟು ಆ ಆಫೀಸಿಗೆ ಹೋಗಬೇಡ. ನಿರ್ಧಾರ ಬರೋವಾಗ ಬರುತ್ತೆ. ಹೋಗಿ ಕೇಳಿದರೆ ಬೇಗ ಬರುತ್ತಾ?

ಇಲ್ಲಿಯ ಕಥೆ ಕೇಳಿದರೆ ನಿನ್ನ ಮೂರನೇ ಕಿಟಕಿ ದೇವರಂಥ ಮನುಷ್ಯ ಅನ್ನಿಸುತ್ತೆ. ನಮ್ಮ ಭೂವಿಜ್ಞಾನ ವಿಭಾಗದಲ್ಲಿ ಹನ್ನೆರಡು ಮೈಕ್ರೋಸ್ಕೋಪು ಇದಾವೆ ಅಂದಿದ್ದೆನಲ್ಲ. ಎಲ್ಲಾ ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ಮುಖ್ಯಸ್ಥರ ಪ್ಯಾಂಟಿನ ಜೇಬಿನಲ್ಲಿ. ಎರಡು ವರ್ಷದಿಂದ ನಾವು ಕಲ್ಲನ್ನು ಪುಸ್ತಕದ ಚಿತ್ರದಲ್ಲಿ ನೋಡಿ ಪರೀಕ್ಷೆ ಬರೆದಿದ್ದೀವಿ. ಮೊನ್ನೆ ನಾನೇ ಹೋಗಿ ಕೇಳಿದೆ, ಸರ್ ಒಂದು ಸಲ ತೆಗೀರಿ ಅಂತ. 'ನೀವು ಮುಟ್ಟಿದರೆ ಹಾಳಾಗುತ್ತಮ್ಮ' ಅಂದರು. ಮುಟ್ಟದೆ ಇಟ್ಟರೆ ಯಾರಿಗೆ ಸರ್ ಅಂದೆ. ಅಷ್ಟಕ್ಕೇ ಅವರ ಮುಖ ಕೆಂಪಾಯ್ತು. ನಾನು ಬಿಟ್ಟು ಹೋಗೋಕೆ ಅವರದೇ ಒಪ್ಪಿಗೆ ಸಹಿ ಬೇಕು, ಆ ಕಾಗದ ಅವರ ಮೇಜಿನ ಮೇಲೆ ಬಿದ್ದಿದೆ. ದಿನಾ ಬಾಗಿಲಲ್ಲಿ ನಿಲ್ತೀನಿ. ಅವರು ದಿನಾ ಚಹಾ ಕುಡೀತಾರೆ.

ಇಲ್ಲಿಂದ ಹೋಗಲೇಬೇಕು ಅಕ್ಕಾ. ಮೂರನೇ ವರ್ಷವೂ ಹೀಗೇ ಆದರೆ ನನ್ನ ಕೈಗೆ ಒಂದು ಪದವಿ ಬರುತ್ತೆ, ಕಲ್ಲಿನ ಬಗ್ಗೆ ಮಾತ್ರ ಏನೂ ಬರೋಲ್ಲ. ಬೆಳಗ್ಗೆ ಎದ್ದ ತಕ್ಷಣ ಮೇಲ್ ನೋಡ್ತೀನಿ. ಊಟಕ್ಕೆ ಕೂತಾಗ ನೋಡ್ತೀನಿ. ಯಾರದ್ದಾದರೂ ಫೋನು ಟಿಣ್ ಅಂದರೆ ನನ್ನ ಎದೆ ಧಸಕ್ ಅನ್ನುತ್ತೆ. ರೂಮ್‌ಮೇಟ್ ತನ್ನ ಫೋನಿನ ಸದ್ದನ್ನೇ ತೆಗೆದುಬಿಟ್ಟಿದ್ದಾಳೆ, ಪಾಪ.

ಮೆಶೀನು ಬಾಲ್ಕನಿಯಲ್ಲಿ ಯಾಕೆ ಇಟ್ಟೆ? ಮಳೆ ಬಂದರೆ ಕೆಟ್ಟುಹೋಗುತ್ತೆ. ವಾಪಸ್ ಒಳಗೆ ಇಡು.

ಹರಳು


ಏಪ್ರಿಲ್ 18

ಪ್ರೀತಿಯ ಹರಳು,

ನೀನು ಹೋಗಬೇಡ ಅಂದರೆ ನಾನು ಬಿಡ್ತೀನಾ? ನಿಂದು ಅಮ್ಮನ ಸ್ವಭಾವ. ಅಂಗಡಿಯವನು ಹರಿದ ಬಟ್ಟೆ ಕೊಟ್ಟರೂ ಥ್ಯಾಂಕ್ಸ್ ಹೇಳಿ ಬರೋ ಜಾತಿ. ಮೆಶೀನಿನ ಮೇಲೆ ನಿನಗೆ ಇರೋ ಕಾಳಜಿ ನಿನ್ನ ಸೀಟಿನ ಮೇಲೆ ಇರಬಾರದಾ! ಅದಕ್ಕೆ ಟಾರ್ಪಾಲು ಹೊದಿಸಿದ್ದೀನಿ, ಚಿಂತೆ ಬಿಡು.

ಈಗ ಕೂತ್ಕೊಂಡು ಓದು. ನಿಂತು ಓದಬೇಡ.

ಸೋಮವಾರ ಹೋದೆ. ಸಂಖ್ಯೆ ಇಲ್ಲ, ಹೆಸರು ಮತ್ತು ಹುಟ್ಟಿದ ದಿನ ಹಾಕಿ ಹುಡುಕಿ ಅಂದೆ. ನಿಯಮ ಇಲ್ಲ ಅಂದ. ನಿಯಮವನ್ನು ಈ ಕಿಟಕಿ ಮೇಲೆ ಬರೆದು ಅಂಟಿಸಿ, ಓದ್ಕೊಂಡು ಹೋಗ್ತೀನಿ ಅಂದೆ. ನನ್ನ ಹಿಂದೆ ಸಾಲಿನಲ್ಲಿದ್ದವರೂ 'ಹುಡುಕಿ ಸಾರ್, ಅದರಲ್ಲೇನಿದೆ' ಅಂದರು. ಬೇರೆ ದಾರಿ ಇಲ್ಲದೆ ಹುಡುಕಿದ. ಒಂದು ಸಲ ನೋಡಿದ, ಎರಡು ಸಲ ನೋಡಿದ, ಕನ್ನಡಕ ಒರೆಸ್ಕೊಂಡು ಇನ್ನೊಂದು ಸಲ ನೋಡಿದ. ಆಮೇಲೆ ನನ್ನ ಮುಖ ನೋಡಿ ಹೇಳ್ತಾನೆ, 'ಈ ಹೆಸರಿನ ಅರ್ಜಿ ನಮಗೆ ಬಂದಿಲ್ಲ ಮೇಡಂ.'

ಬಂದಿಲ್ಲವಂತೆ! ಕಳೆದುಹಾಕಿದ್ದಾರೆ ಕಣೇ ನಿನ್ನ ಅರ್ಜಿನ! ನೀನಲ್ಲಿ ಒಂದೊಂದು ಟಿಣ್ ಸದ್ದಿಗೂ ಬೆಚ್ಚಿಬೀಳ್ತಾ ಇದ್ದೀಯ, ಇವರಿಲ್ಲಿ ಅದನ್ನು ಎಲ್ಲೋ ಎಸೆದು ಹೂಕುಂಡಕ್ಕೆ ನೀರು ಹಾಕ್ತಾ ಕೂತಿದ್ದಾರೆ. ನನಗೆ ಕಣ್ಣು ಕತ್ತಲೆ ಬಂತು. ಅಮ್ಮನ ಕಾನೂನು ನಮ್ಮಿಬ್ಬರಿಗೆ ಮಾತ್ರ, ಹೊರಗಿನವರಿಗಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ. ಬಾಯಿಗೆ ಬಂದ ಹಾಗೆ ಬೈದೆ. ನಿನಗೆ ಮಕ್ಕಳಿಲ್ವಾ, ಒಂದು ಹುಡುಗಿಯ ಜೀವನ ನಿನಗೆ ಕಸಾನಾ, ಸಂಬಳ ತಗೊಳ್ಳೋವಾಗ ಮಾತ್ರ ಹೆಸರು ಸರಿಯಾಗಿ ಸಿಗುತ್ತಾ ಅಂತೆಲ್ಲಾ ಕೇಳಿದೆ. ಅವನು ಒಂದೇ ಮಾತು, 'ಬಂದಿದ್ದರೆ ಇರ್ತಿತ್ತು ಮೇಡಂ.' ಟಕ್ ಟಕ್.

ಅಲ್ಲಿಂದ ಸೀದಾ ಮಹಡಿ ಹತ್ತಿ ದೊಡ್ಡ ಮೇಡಂ ರೂಮಿಗೆ ಹೋಗಿ ದೂರು ಕೊಟ್ಟೆ. ನನ್ನ ಹಿಂದೆ ಇನ್ನೂ ನಾಲ್ಕು ಜನ ಬಂದರು, ಅವರ ಮಕ್ಕಳ ಅರ್ಜಿಗಳೂ ಕಳೆದಿರಬಹುದು ಅಂತ ಅವರಿಗೂ ಅನುಮಾನ ಶುರುವಾಗಿತ್ತು.

ನಿನ್ನ ಫೋನು ಎರಡು ಸಲ ಬಂತು. ಎತ್ತಲಿಲ್ಲ. ಎತ್ತಿದರೆ ನಾನು ಕೂಗ್ತೀನಿ. ಏನಿದ್ದರೂ ಬರೆ. ಅರ್ಜಿ ಸಂಖ್ಯೆ ಮೊದಲು ಬರೆ.

ಅಕ್ಕ


ಏಪ್ರಿಲ್ 22

ಹರಳೂ,

ಗೆದ್ದೆ!

ನಿನ್ನ ಉತ್ತರಕ್ಕೆ ಕಾಯೋಕೂ ತಾಳ್ಮೆ ಇಲ್ಲ, ಅದಕ್ಕೇ ಮತ್ತೆ ಬರೀತಿದ್ದೀನಿ. ನಿನ್ನೆ ದೊಡ್ಡ ಮೇಡಂ ಕರೆಸಿದ್ದರು. ಇಡೀ ಆಫೀಸು ಜಾಲಾಡಿದ್ದಾರಂತೆ. ಅರ್ಜಿ ಸಿಕ್ಕಿಲ್ಲ. 'ನಮ್ಮ ಕಡೆಯಿಂದ ತಪ್ಪಾಗಿರಬಹುದು' ಅಂತ ಅವರ ಬಾಯಲ್ಲೇ ಬಂತು, ನನ್ನ ಕಿವಿಯಾರೆ ಕೇಳಿದೆ. ಮೇ ಎರಡರ ಒಳಗೆ ಹೊಸ ಅರ್ಜಿ ಕೊಟ್ಟರೆ ಸಮಯಕ್ಕೆ ಸರಿಯಾಗಿ ಬಂದಿದೆ ಅಂತಲೇ ತಗೋತಾರೆ. ನಿನ್ನ ಅಂಕ ಹೇಳಿದೆ. ಭೂವಿಜ್ಞಾನದಲ್ಲಿ ಜಾಗ ಇದೆ, ಇಂಥ ಅಂಕ ಇದ್ದರೆ ತೊಂದರೆ ಆಗಲಾರದು ಅಂದರು. ಇದಕ್ಕಿಂತ ಬಿಡಿಸಿ ಇನ್ನು ಹೇಗೆ ಹೇಳ್ತಾರೆ?

ಮೂರನೇ ಕಿಟಕಿಯವನನ್ನು ಅಲ್ಲಿಂದ ಎಬ್ಬಿಸಿ ನೆಲಮಾಳಿಗೆಗೆ ಹಾಕಿದ್ದಾರೆ, ಹಳೇ ಕಾಗದದ ಗಂಟುಗಳ ಜೊತೆ. ಆಗಲಿ, ಅಲ್ಲಿ ಕೂತು ಹುಡುಕಲಿ. ಅವನ ಜಾಗಕ್ಕೆ ಒಬ್ಬಳು ಹುಡುಗಿ ಬಂದಿದ್ದಾಳೆ, ಕೇಳಿದ್ದಕ್ಕೆ ನಗ್ತಾ ಉತ್ತರ ಕೊಡ್ತಾಳೆ. ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದೆ. ಯಜಮಾನರು 'ನಿನ್ನ ಬಾಯಿಗೆ ಮಾತ್ರ ಅಚ್ಚು ತೆಗೆಯೋಕಾಗಲ್ಲ, ಪ್ಲಾಸ್ಟರ್ ಸಾಲದು' ಅಂದರು. ಅಂದ್ಕೊಳ್ಳಲಿ.

ಕಾಗದಗಳನ್ನು ತಕ್ಷಣ ಕಳಿಸು. ತಕ್ಷಣ ಅಂದರೆ ಇವತ್ತು.

ಅಕ್ಕ


ಏಪ್ರಿಲ್ 23

ಅಕ್ಕಾ,

ನಿನ್ನ ಹದಿನೆಂಟರ ಪತ್ರ ಈಗ ಸಿಕ್ಕಿತು. ನಿಲ್ಲಿಸು. ಇನ್ನು ಒಂದು ಹೆಜ್ಜೆ ಆ ಆಫೀಸಿನ ಒಳಗೆ ಇಡಬೇಡ. ಯಾರಿಗೂ ಬೈಬೇಡ. ನಾನು ಎಲ್ಲಾ ವಿವರವಾಗಿ ಬರೀತೀನಿ, ನನಗೆ ಸ್ವಲ್ಪ ಸಮಯ ಕೊಡು.

ಫೋನು ಯಾಕೆ ಎತ್ತಲ್ಲ ನೀನು? ನಾಲ್ಕು ಸಲ ಮಾಡಿದೆ! ಎಂಥ ಹಾಳು ಕಾನೂನು ಇದು!

ಹರಳು


ಏಪ್ರಿಲ್ 27

ಅಕ್ಕಾ,

'ಗೆದ್ದೆ' ಅಂತ ನೀನು ಬರೆದ ಪತ್ರ ಬಂತು. ಇನ್ನು ತಡ ಮಾಡಿದರೆ ನಾನು ಮನುಷ್ಯಳೇ ಅಲ್ಲ.

ನಾನು ನಿನ್ನೂರಿನ ಯೂನಿವರ್ಸಿಟಿಗೆ ಅರ್ಜಿ ಹಾಕೇ ಇಲ್ಲ. ಮೂರನೇ ಕಿಟಕಿಯವರು ಹೇಳಿದ್ದು ಪೂರ್ತಿ ನಿಜ. ಬಂದಿದ್ದರೆ ಇರ್ತಿತ್ತು. ಬಂದಿರಲಿಲ್ಲ.

ನಾನು ಹಾಕಿರೋದು ಬಂದರಿನ ಊರಿನ ಯೂನಿವರ್ಸಿಟಿಗೆ. ನಿನ್ನಿಂದ ಇನ್ನೂ ದೂರ. ಅಲ್ಲಿ ವಿದ್ಯಾರ್ಥಿಗಳೇ ಕಲ್ಲು ಕೊಯ್ದು, ಬೆಳಕು ತೂರೋಷ್ಟು ತೆಳ್ಳಗೆ ಉಜ್ಜಿ, ತಮ್ಮ ಕೈಯಾರೆ ಮೈಕ್ರೋಸ್ಕೋಪಿನ ಕೆಳಗೆ ಇಡ್ತಾರೆ. ಅದು ಒಂದು ಕಾರಣ. ಅದೊಂದೇ ಆಗಿದ್ದರೆ ನಿನಗೆ ಆವತ್ತೇ ಹೇಳ್ತಿದ್ದೆ.

'ಟ್ರಾನ್ಸ್‌ಫರಿಗೆ ಹಾಕಿದ್ದೀನಿ' ಅಂತ ನಾನು ಬರೆದಾಗ ಯಾವ ಊರು ಅಂತ ಕೂಡ ನೀನು ಕೇಳಲಿಲ್ಲ. ನಾನು ನಿನ್ನ ಹತ್ತಿರವೇ ಬರ್ತೀನಿ ಅಂತ ನೀನೇ ತೀರ್ಮಾನ ಮಾಡಿದೆ. ಮಂಚ ತಂದೆ, ಹಲಗೆ ಹೊಡೆಸಿದೆ, ಮೆಶೀನು ಹೊರಗೆ ಹಾಕಿದೆ. ಒಂದೊಂದು ಪತ್ರದಲ್ಲೂ ಆ ರೂಮು ಇನ್ನಷ್ಟು ತಯಾರಾಗ್ತಾ ಬಂತು, ನನ್ನ ಬಾಯಿ ಇನ್ನಷ್ಟು ಕಟ್ಟಿತು. ಹೇಳದೆ ಇದ್ದದ್ದು ನನ್ನ ತಪ್ಪು, ಒಪ್ತೀನಿ. ಆದರೆ ನನಗೂ ಕೋಪ ಇದೆ ಅಕ್ಕಾ. ಅಮ್ಮನ ಕಾನೂನಿನ ಪ್ರಕಾರ ಬರೀತೀನಿ, ಓದು.

ಕನ್ನಡಕದ ಅಂಗಡೀಲಿ ಅಕ್ಷರ ಕಾಣುತ್ತಾ ಅಂತ ಅವನು ಕೇಳಿದ್ದು ನನ್ನನ್ನು, 'ಮಸುಕಾಗಿದೆ' ಅಂದವಳು ನೀನು. ನನ್ನ ಗೆಳತಿಯರು ಮನೆಗೆ ಬಂದರೆ ಮಾತಾಡ್ತಿದ್ದವಳು ನೀನು, ನಾನು ಟೀ ಲೋಟ ತೊಳೀತಿದ್ದೆ. ನಾನು ಸ್ನಾನ ಮಾಡೋವಾಗ ಕೂಡ ಹೊರಗೆ ನಿಂತು ನಿನ್ನ ಲ್ಯಾಬಿನ ಕಥೆ ಹೇಳ್ತಿದ್ದೆ. ನನ್ನ ರೂಮಿನೊಳಗೆ ಒಂದೇ ಒಂದು ಸಲ ಬಾಗಿಲು ತಟ್ಟಿ ಬಂದಿದ್ದೀಯಾ? ಒಂದು ಸಲ? 'ನಮಗ್ಯಾಕೆ ಚಿಲಕ' ಅನ್ನೋ ನಿನ್ನ ಮಾತು ಓದಿದಾಗ ನನಗೆ ಉಸಿರು ಕಟ್ಟಿದ ಹಾಗಾಯ್ತು. ನಿನಗೆ ಬೇಡ. ನನಗೆ ಬೇಕು.

ನೀನು ನನ್ನ ಮೇಲೆ ಪ್ರಾಣ ಇಟ್ಟಿದ್ದೀಯ, ಗೊತ್ತು. ಅಮ್ಮ ಹೋದ ಮೇಲೆ ನನಗೆ ಅನ್ನ ಹಾಕಿದವಳೂ ನೀನೇ, ಜಡೆ ಹಾಕಿದವಳೂ ನೀನೇ. ಆದರೆ ಈಗ ನನಗೆ ಇಪ್ಪತ್ತು ವರ್ಷ. ನೀನು ನನ್ನ ಪರವಾಗಿ ಜಗಳ ಆಡಿ ಗೆದ್ದು ಬಂದೆ, ನಾನು ಎಲ್ಲಿ ಹೋಗಬೇಕು ಅಂತ ಮಾತ್ರ ನನ್ನನ್ನು ಕೇಳಲಿಲ್ಲ.

ಆ ಸೀಟು ನಾನು ತಗೊಳ್ಳಲ್ಲ. ಬಂದರಿನ ಊರಲ್ಲಿ ಸಿಗದೆ ಹೋದರೆ ಇದೇ ಬೀಗದ ಬೀರುವಿನ ಮುಂದೆ ಕೂತು ಪದವಿ ಮುಗಿಸ್ತೀನಿ. ಒಬ್ಬ ಮನುಷ್ಯನನ್ನು ನೆಲಮಾಳಿಗೆಗೆ ತಳ್ಳಿ ಸಿಕ್ಕಿರೋ ಸೀಟಿನಲ್ಲಿ ನಾನು ಕೂರೋಲ್ಲ. ದೊಡ್ಡ ಮೇಡಂಗೆ ನಾನೇ ಪತ್ರ ಬರೆದು ಹಾಕಿದ್ದೀನಿ, ಅರ್ಜಿ ಹಾಕಿರಲಿಲ್ಲ, ಕಿಟಕಿಯಲ್ಲಿದ್ದವರದೇನೂ ತಪ್ಪಿಲ್ಲ ಅಂತ.

ಹರಳು


ಮೇ 1

ಏನೇ,

ಪ್ರೀತಿಯ ಅಂತ ಬರೆಯೋಕೆ ಕೈ ಬರ್ತಿಲ್ಲ.

ನಾನು ಊರ ಮುಂದೆ ನಿಂತು ಕೂಗಿದೆ. ಯಾರಿಗಾಗಿ? ಸೊಂಟ ಮುರ್ಕೊಂಡು ಮೆಶೀನು ಎತ್ತಿದೆ. ಯಾರಿಗಾಗಿ? ಒಂದು ತಿಂಗಳಿಂದ ಬಾಲ್ಕನಿಯಲ್ಲಿ ಕೂತು ಪಾಲಿಶ್ ಮಾಡ್ತಿದ್ದೀನಿ, ಕೆಳಗಿನ ಮನೆಯವರು ಒಣಹಾಕಿದ ಬಟ್ಟೆ ಮೇಲೆಲ್ಲಾ ಹಲ್ಲಿನ ಸೆಟ್ಟಿನ ಗುಲಾಬಿ ಪುಡಿ ಉದುರ್ತಿದೆ ಅಂತ ದಿನಾ ಬೈಸ್ಕೋತಿದ್ದೀನಿ. ಯಾರಿಗಾಗಿ ಬೈಸ್ಕೊಂಡೆ? ನೀನು ಅಲ್ಲಿ ಕೂತು ಎಲ್ಲಾ ಓದ್ತಾ ಇದ್ದೆ. ಓದಿ, 'ಮೆಶೀನು ಒಳಗೆ ಇಡು' ಅಂತ ಬರೆದೆ. ಅಷ್ಟು ಹೇಳೋ ಬಾಯಿಗೆ ಇನ್ನೊಂದು ಸಾಲು ಭಾರ ಆಯ್ತಾ?

ಅನ್ನ ಹಾಕಿದ್ದು ಜಡೆ ಹಾಕಿದ್ದು ಲೆಕ್ಕ ಒಪ್ಪಿಸಿದ್ದೀಯ. ನಾನು ಕೇಳಿದ್ನಾ? ಕನ್ನಡಕದ ಅಂಗಡೀಲಿ ನೀನು ಬೆಪ್ಪಾಗಿ ಗೋಡೆ ನೋಡ್ತಾ ಕೂತಿದ್ದೆ, ಅದಕ್ಕೇ ನಾನು ಹೇಳಿದೆ. ನಾನು ಮಾತಾಡದೆ ಇದ್ದಿದ್ದರೆ ಇವತ್ತಿಗೂ ನೀನು ಬಸ್ಸಿನ ಬೋರ್ಡು ಓದೋಕಾಗದೆ ತಪ್ಪು ಬಸ್ಸು ಹತ್ತುತ್ತಿದ್ದೆ.

ಅಲ್ಲಿ ಬೀಗ ತೆಗೀರಿ ಅಂತ ಜಗಳ. ಇಲ್ಲಿ ಚಿಲಕ ಹಾಕಿಸು ಅಂತ ಜಗಳ. ನಿನಗೆ ಏನು ಬೇಕು ಅಂತ ಆ ಬ್ರಹ್ಮನಿಗೂ ಗೊತ್ತಾಗಲ್ಲ.

ಇನ್ನು ಬರೀಬೇಡ. ನಾನೂ ಬರೆಯಲ್ಲ.


ಮೇ 9

ಅಕ್ಕಾ,

ಬರೀಬೇಡ ಅಂದೆ, ಬರೀತಿದ್ದೀನಿ.

ಮುಖ್ಯಸ್ಥರು ಕೊನೆಗೂ ಸಹಿ ಹಾಕಿದರು. ಹಾಕಿ, 'ಎಲ್ಲಿ ಹೋದರೂ ಕಲ್ಲು ಕಲ್ಲೇನಮ್ಮ' ಅಂದರು. ನಾನು ಕಾಗದ ತಗೊಂಡು ಬಂದೆ. ನೀನಿದ್ದಿದ್ದರೆ ಚಳಿ ಬಿಡಿಸ್ತಿದ್ದೆ. ಜೀವನದಲ್ಲಿ ಮೊದಲನೇ ಸಲ ನೀನು ಪಕ್ಕದಲ್ಲಿ ಇರಬೇಕಿತ್ತು ಅಂತ ಅನ್ನಿಸಿತು, ಅದನ್ನೂ ಬರೆದುಬಿಡ್ತೀನಿ.

ಬಂದರಿನ ಊರಿನವರು ಈ ವಾರ ತಿಳಿಸ್ತೀವಿ ಅಂದಿದ್ದರು. ತಿಳಿಸಿಲ್ಲ. ಈಗ ಅವರ ಜಾಲತಾಣದಲ್ಲಿ 'ಪರಿಶೀಲನೆಯಲ್ಲಿದೆ' ಅಂತ ಬರ್ತಿದೆ. ಯಾರು ಪರಿಶೀಲಿಸ್ತಿದ್ದಾರೆ, ಎಷ್ಟು ಸಲ ಕನ್ನಡಕ ಒರೆಸ್ಕೋಬೇಕು ಅವರು? ನನ್ನ ಜೊತೆಯವರೆಲ್ಲಾ ಮುಂದಿನ ವರ್ಷದ ಪುಸ್ತಕ ತಗೊಂಡಾಯ್ತು. ನನಗೆ ಅನ್ನ ಇಳೀತಿಲ್ಲ. ನೀನು ಬೈದಾದರೂ ಬರೆ. ನೀನು ಸುಮ್ಮನಿರೋದನ್ನು ನೋಡಿ ನನಗೆ ಅಭ್ಯಾಸ ಇಲ್ಲ.

ಹರಳು


ಮೇ 14

ಹರಳೂ,

ಕೋಪ ಹೋಗಿಲ್ಲ. ಅದನ್ನು ಮೊದಲೇ ಹೇಳಿಬಿಡ್ತೀನಿ. ಆದರೆ ಒಂದು ವಿಷಯ ನಡೆದಿದೆ, ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ.

ಆಫೀಸಿಗೆ ಹೋದೆ. ಹೆದರಬೇಡ, ಬೈಯೋಕಲ್ಲ. ಎಲ್ಲರ ಮುಂದೆ ಕೂಗಿದವಳು ಮೂಲೇಲಿ ನಿಂತು ಪಿಸುಪಿಸು ಅಂತ ಕ್ಷಮೆ ಕೇಳಿದರೆ ಅದು ಕ್ಷಮೇನಾ? ಅದಕ್ಕೇ ಸಾಲು ಉದ್ದ ಇರೋ ಹೊತ್ತು ನೋಡ್ಕೊಂಡು ಹೋದೆ. ಮೂರನೇ ಕಿಟಕಿ ಮುಂದೆ ನಿಂತು, ಹೋದ ತಿಂಗಳು ಇಲ್ಲಿ ಒಬ್ಬ ಹೆಂಗಸು ಗಲಾಟೆ ಮಾಡಿದ್ದಳು, ಅದು ನಾನೇ, ನನ್ನ ತಂಗಿ ಅರ್ಜಿನೇ ಹಾಕಿರಲಿಲ್ಲ, ಇಲ್ಲಿದ್ದವರದು ಏನೂ ತಪ್ಪಿಲ್ಲ ಅಂತ ಗಟ್ಟಿಯಾಗಿ ಹೇಳಿದೆ. ಯಾರೋ ಕಿಸಕ್ ಅಂತ ನಕ್ಕರು. ಆವತ್ತು ನನ್ನ ಹಿಂದೆ ಮಹಡಿ ಹತ್ತಿದ್ದ ಒಬ್ಬರೂ ಅಲ್ಲಿದ್ದರು, ನನ್ನ ಪರಿಚಯವೇ ಇಲ್ಲದ ಹಾಗೆ ಗೋಡೆ ಕಡೆ ತಿರುಗಿ ನಿಂತರು. ಅವರಿಗೂ ಮನಸ್ಸಿನಲ್ಲೇ ನಾಲ್ಕು ಬೈದೆ.

ಅಲ್ಲಿಂದ ಮಹಡಿ ಹತ್ತಿದೆ, ದೊಡ್ಡ ಮೇಡಂ ಕೈಲಿ ನಿನ್ನ ಪತ್ರ ಇತ್ತು. ಅವರು ನನ್ನನ್ನು ಕೂರಿಸಲೂ ಇಲ್ಲ. ಮೂರನೇ ಕಿಟಕಿಯವರನ್ನು ಸೋಮವಾರದಿಂದ ವಾಪಸ್ ಮೇಲೆ ಕರೆಸ್ತಾರಂತೆ. ಇವತ್ತೇ ಯಾಕಿಲ್ಲ ಅಂತ ಬಾಯಿ ತುದೀಗೆ ಬಂತು, ನುಂಗ್ಕೊಂಡೆ. ಆಮೇಲೆ ನಾನೇ ನೆಲಮಾಳಿಗೆಗೆ ಇಳಿದೆ.

ಬಾಗಿಲು ತೆರೆದೇ ಇತ್ತು. ಆದರೂ ತಟ್ಟಿದೆ. ಯಾಕೆ ಅಂತ ಕೇಳಬೇಡ.

ಅವರು ಒಂದು ಗಂಟಿನ ಮೇಲೆ ಕೂತು ಇನ್ನೊಂದು ಗಂಟು ಬಿಚ್ಚಿ ಓದ್ತಿದ್ದರು. ತಲೆ ತುಂಬಾ ಧೂಳು. ನಾನು ಶುರು ಮಾಡಿದೆ, ನೀನು ಬೇರೆ ಊರಿಗೆ ಅರ್ಜಿ ಹಾಕಿದ್ದರವರೆಗೂ ಎಲ್ಲಾ ಹೇಳಿದೆ. ಅವರು ಪೂರ್ತಿ ಕೇಳಿದರು. ಅಲ್ಲ ಕಣೇ, ಒಂದು ಮಾತು ಬೈಬಾರದಾ ಆ ಮನುಷ್ಯ? ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗ್ತಿತ್ತು. 'ಮೂವತ್ತು ಸಾವಿರ ಅರ್ಜಿ ನೋಡಿದ್ದೀನಿ ಮೇಡಂ, ಯಾರೂ ಅರ್ಜಿ ಬದಲು ಅಕ್ಕನ್ನ ಕಳಿಸಿರಲಿಲ್ಲ' ಅಂದರು. ಪ್ರಾಯಶ್ಚಿತ್ತಕ್ಕೆ ಏನಾದರೂ ಮಾಡಬೇಕಲ್ಲ, ನಿಮ್ಮ ಕೆಳಗಿನ ಸೆಟ್ಟು ಸಡಿಲ ಇದೆ, ಕೊಡಿ, ನಾನೇ ಸರಿ ಮಾಡಿಸಿ ತಂದುಕೊಡ್ತೀನಿ ಅಂದೆ. ಅವರು ನಾಲಿಗೆ ತುದಿಯಿಂದ ಒಂದು ಪೆಪ್ಪರ್‌ಮಿಂಟು ಹೊರಗೆ ತೋರಿಸಿದರು. 'ಹಲ್ಲು ನಂದೇ ಮೇಡಂ. ಗಂಟಲು ಒಣಗುತ್ತೆ ಅಂತ ಇದನ್ನು ಇಟ್ಕೋತೀನಿ.'

ಹದಿನಾಲ್ಕು ವರ್ಷದಿಂದ ಹಲ್ಲು ಮಾಡ್ತಿದ್ದೀನಿ ನಾನು! ನೆಲ ಬಾಯ್ಬಿಟ್ಟಿದ್ದರೆ ಒಳಗೆ ಹೋಗಿಬಿಡ್ತಿದ್ದೆ, ಆದರೆ ಅದು ಆಗಲೇ ನೆಲಮಾಳಿಗೆ.

ಹೊರಡೋವಾಗ ಅವರು ಹಿಂದಿನಿಂದ ಕೂಗಿ ಕೇಳಿದರು, 'ನಿಮ್ಮ ತಂಗಿಗೆ ಅಲ್ಲಾದರೂ ಸಿಕ್ತಾ?'

ಅವರು ಕೇಳಿದರು ಹರಳು. ನಾನು ನಿನ್ನನ್ನು ಅದನ್ನು ಕೇಳಿರಲೇ ಇಲ್ಲ. ಬೀದಿಗೆ ಬಂದು ಅತ್ತೆ.

ಸಿಕ್ತಾ?

ಅಕ್ಕ


ಮೇ 20

ಅಕ್ಕಾ,

ಸಿಕ್ತು.

ಬೆಳಗ್ಗೆ ಬಂತು. ಹಲ್ಲುಜ್ಜೋ ಬ್ರಷ್ ಬಾಯಲ್ಲೇ ಇತ್ತು. ಮೂರು ಸಲ ಓದಿದೆ, ನಂಬಿಕೆ ಬರದೆ ರೂಮ್‌ಮೇಟ್ ಕೈಲಿ ಓದಿಸಿದೆ. ಅವಳು ಕಿರುಚಿದಳು, ನಾನು ನೆಲದ ಮೇಲೆ ಕೂತುಬಿಟ್ಟೆ. ಜುಲೈನಲ್ಲಿ ಶುರು. ಹಾಸ್ಟೆಲಿನಲ್ಲಿ ಜಾಗ ಇದೆ.

ರೂಮ್‌ಮೇಟ್ ಬಿಟ್ಟರೆ ನಿನಗೇ ಮೊದಲು ಹೇಳ್ತಿರೋದು. ಫೋನು ಮಾಡೋಣ ಅಂತ ಕೈಗೆ ತಗೊಂಡೆ. ನಿನಗೆ ಸಂತೋಷ ಆಗುತ್ತೋ ಕೋಪ ಬರುತ್ತೋ ಗೊತ್ತಾಗಲಿಲ್ಲ. ಎರಡೂ ಆದರೆ ಯಾವ ಕಾನೂನು? ಅದಕ್ಕೇ ಬರೆದೆ.

ಮೂರನೇ ಕಿಟಕಿಯವರಿಗೂ ಹೇಳು. ಮೆಶೀನು ಒಳಗೆ ಇಟ್ಕೋ ಅಕ್ಕಾ, ನಿಜವಾಗಲೂ ಮಳೆಗಾಲ ಬರ್ತಿದೆ.

ಹರಳು


ಮೇ 27

ಪ್ರೀತಿಯ ಹರಳು,

ಎರಡೂ ಆಯ್ತು. ಮೊದಲು ಕೋಪ, ಯಾಕಂದರೆ ಅದು ಹತ್ತಿರದಲ್ಲೇ ಇತ್ತು. ನಿನ್ನ ಪತ್ರ ಹಿಡ್ಕೊಂಡು ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿದೆ, ನೋಡಿ, ಎಷ್ಟು ದೂರ ಹೋಗ್ತಿದ್ದಾಳೆ ಅಂತ ಬೈತಾ ತೋರಿಸಿದೆ. ಯಜಮಾನರು 'ಬೈತಿದ್ದೀಯೋ ಹೆಮ್ಮೆ ಪಡ್ತಿದ್ದೀಯೋ' ಅಂದರು. ನಿಮಗೇನು ಸಾರ್, ನಿಮ್ಮ ಕೆಲಸ ನೋಡಿ ಅಂದೆ. ಮಧ್ಯಾಹ್ನದವರೆಗೂ ಮೇಣದಲ್ಲಿ ಹಲ್ಲು ಜೋಡಿಸೋಕೆ ಕೂತಿದ್ದೆ, ಒಂದೂ ನೆಟ್ಟಗೆ ಕೂರಲಿಲ್ಲ, ಕಣ್ಣು ತುಂಬ್ಕೋತಿತ್ತು.

ಮೂರನೇ ಕಿಟಕಿಯವರಿಗೆ ಹೇಳಿದೆ. ಈಗ ಮೇಲೆ ಬಂದಿದ್ದಾರೆ. ಸಾಲಿನಲ್ಲಿ ನಿಂತೇ ಹೋದೆ, ನನ್ನ ಸರದಿ ಬಂದಾಗ 'ಸಿಕ್ತು' ಅಂದೆ, ಅಷ್ಟೇ. ಕಿಟಕಿ ಒಳಗಿಂದ ಒಂದು ಪೆಪ್ಪರ್‌ಮಿಂಟು ಕೊಟ್ಟರು, ನಿನಗೆ ಅಂತ. ದಾರೀಲಿ ನಾನೇ ತಿಂದೆ. ನಿನ್ನ ಮೇಲಿನ ಕೋಪಕ್ಕೆ ಅಷ್ಟಾದರೂ ಬೇಡವಾ?

ಬಂದರಿನ ಊರಿನವರು ಇಷ್ಟು ದಿನ ಕಾಯಿಸಿದ್ದಕ್ಕೆ ಅವರಿಗೂ ಒಂದು ಪತ್ರ ಬರೆದಿದ್ದೆ. ನಾಲ್ಕು ಪುಟ. ಹೆದರ್ಕೋಬೇಡ, ಹರಿದುಹಾಕಿದೆ. ಏನಾದರೂ ಹೇಳೋದಿದ್ದರೆ ನೀನೇ ಹೇಳ್ಕೋ. ನಿನಗೂ ಬಾಯಿದೆ ಅಂತ ಏಪ್ರಿಲ್ ಇಪ್ಪತ್ತೇಳಕ್ಕೆ ನನಗೆ ಚೆನ್ನಾಗಿ ಗೊತ್ತಾಗಿದೆ.

ಮೆಶೀನು ಅಡುಗೆಮನೆ ಮೂಲೆಗೆ ತಂದೆ. ಆ ರೂಮಿನೊಳಗೆ ತರಲಿಲ್ಲ. ಮಂಚ ಅಲ್ಲೇ ಇದೆ, ಹಲಗೆ ಅಲ್ಲೇ ಇದೆ. ನಿನ್ನೆ ಬಡಗಿಯನ್ನು ಕರೆಸಿ ಊದಿಕೊಂಡಿದ್ದ ಮರ ಕೆತ್ತಿಸಿ ಬಾಗಿಲಿಗೆ ಚಿಲಕ ಹಾಕಿಸಿದೆ. ಒಳಗಡೆ ಹಾಕಲಾ, ಹೊರಗಡೆ ಹಾಕಲಾ ಅಂತ ಕೇಳಿದ. ಎಂಥ ಪ್ರಶ್ನೆ ಅಂತ ಅವನಿಗೂ ಸರಿಯಾಗಿ ಬೈದೆ. ಒಳಗಡೆ ಹಾಕಿದ್ದಾನೆ. ನಾನೇ ಒಳಗೆ ಹೋಗಿ ಹಾಕಿ ನೋಡಿದೆ, ಭದ್ರವಾಗಿ ಕೂರುತ್ತೆ.

ರಜೆಗೆ ಬಾ. ಬಂದು ಒಳಗೆ ಹೋಗಿ ಚಿಲಕ ಹಾಕ್ಕೋ. ನಾನು ಬಾಗಿಲು ತಟ್ಟಿ ಹೊರಗೆ ನಿಂತಿರ್ತೀನಿ. ಜಾಸ್ತಿ ಹೊತ್ತು ಕಾಯಿಸಬೇಡ, ಅಷ್ಟೇ.

ಅಕ್ಕ